ಬೋಂಡ ಬೇಡವೆಂದ ಸೊಪ್ಪು

ಮಳೆ ಜೋರಿರುವ ಆಟಿ ತಿಂಗಳ ಹದಿನೆಂಟರಂದು ಕಾಡಿನ ಮದ್ದುಸೊಪ್ಪಿಗೆ ಪರಿಮಳ ಬರುತ್ತದೆ. ನಮ್ಮೂರು ಗಾಳಿಬೀಡಿನಲ್ಲಿ ಅಂದು ಅದರ ನೇರಳೆ ರಸದ ಪಾಯಸ ಮಾಡದ ಮನೆಯಿಲ್ಲ. ಆದರೆ ನನ್ನ ಅತ್ತೆ ದಮಯಂತಿ ಗಿಡ ಮೂಸಿ “ಆತ್, ಕೊಯ್ಯಿ” ಅನ್ನದೆ ಅಕ್ಕಪಕ್ಕದ ನಾಲ್ಕು ಮನೆಯವರೂ ಕತ್ತಿ ಎತ್ತುತ್ತಿರಲಿಲ್ಲ. ಅತ್ತೆಗೆ ಆ ಜಂಬ ಇತ್ತು. ಇರಲಿ ಬಿಡಿ, ಮೂಗೂ ಅಂಥದ್ದೇ ಆಗಿತ್ತು.

ಬೋಂಡ ನಮ್ಮ ಬೀಗಲ್ ನಾಯಿ. ಕಾಫಿ ಕಣದ ಕಾವಲಿಗೆಂದು ಮಾವ ದೇರಪ್ಪ ತಂದದ್ದು. ಕಾವಲಂತೆ, ಮಣ್ಣಂಗಟ್ಟಿ! ಯಾರು ಬಂದರೂ ಬಾಲ ಆಡಿಸಿಕೊಂಡು ಅವರ ಹಿಂದೆಯೇ ಹೊರಡುತ್ತದೆ. ಮೂಗು ನೆಲಕ್ಕೆ ಹತ್ತಿತೆಂದರೆ ಗಂಟಲು ಹರಿದುಕೊಂಡರೂ ಆ ಜೋಲುಕಿವಿಗೆ ಕೇಳುವುದಿಲ್ಲ. ಮೊಲದ ಜಾಡು ಸಿಕ್ಕಿದರೆ ಊಳಿಟ್ಟು ಊರೆಬ್ಬಿಸುತ್ತದೆ. ಬಾಳೆಹಣ್ಣಿನ ಸಿಪ್ಪೆಯನ್ನೂ ಬಿಡದ ಹೊಟ್ಟೆಬಾಕ. ಹಪ್ಪಳದ ಹಿಟ್ಟನ್ನು ಪೂರಾ ನುಂಗಿದ ದಿನ ಅತ್ತೆಗೆ ಸಾಕಾಯಿತು. ಸಂಪಾಜೆಯಲ್ಲಿರುವ ತಮ್ಮ ಅಣ್ಣನ ಮಗ ದಿಗಂತನಿಗೆ ಫೋನ್ ಮಾಡಿ, ಆಟಿ ಹದಿನೆಂಟಕ್ಕೆ ಬಂದು ನಾಯಿಯನ್ನು ಕರೆದುಕೊಂಡು ಹೋಗು ಎಂದರು.

ಆಟಿ ಹದಿನೆಂಟರ ಬೆಳಿಗ್ಗೆ ತೋಡಿನ ಬದಿಯಲ್ಲಿ ಅತ್ತೆ ಒಂದು ಪೊದೆ ಮೂಸಿ, ತುಸು ತಡೆದು, “ಆತ್” ಎಂದರು. ಅವರು ಹೇಳಿದ ಮೇಲೆ ನಾವ್ಯಾರೂ ಮೂಸಿ ನೋಡುವ ರೂಢಿಯಿಲ್ಲ. ನಾವಿಬ್ಬರೂ ಅರ್ಧ ಬುಟ್ಟಿ ಕೊಯ್ದೆವು. ಬೋಂಡ ಓಡಿಬಂದು ಬುಟ್ಟಿಗೆ ಮೂತಿ ಹಾಕಿತು, ಬೇಡವೆಂದು ಹೊರಟುಹೋಯಿತು. ಹೋದ ವರ್ಷ ಪಾಯಸದ ಪಾತ್ರೆಯೊಳಗೇ ತಲೆ ತೂರಿಸಿದ ಪ್ರಾಣಿ! ನನಗೆ ಅನುಮಾನ ಬಂತು. ಎಲೆ ಹಿಸುಕಿ ಮೂಸಿದರೆ ಬರೀ ಹಸಿ ವಾಸನೆ, ಯಾವುದೋ ಕಾಡುಗಿಡ. ಅಷ್ಟರಲ್ಲಿ ಹತ್ತು ಮಾರು ಆಚೆ ಬೋಂಡ ಊಳಿಟ್ಟಿತು. ಹೋಗಿ ನೋಡಿದರೆ ಅಲ್ಲಿತ್ತು ಮದ್ದುಸೊಪ್ಪು, ಘಮ್ಮೆನ್ನುತ್ತಿತ್ತು.

ಅತ್ತೆ ಬುಟ್ಟಿ ಕೆಳಗಿಟ್ಟರು. “ಕವನಾ, ಹೋದ ಚಳಿಗಾಲದ ಜ್ವರ ಬಂದಮೇಲೆ ನಂಗೆ ವಾಸನೆಯೇ ಇಲ್ಲೆ. ಯಾರಿಗೂ ಹೇಳ್ಬೇಡ ಮಾರಾಯ್ತಿ.” ಕಣ್ಣು ತುಂಬಿತ್ತು. ಒಂದೇ ಅಡುಗೆಮನೆಯಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಬುಟ್ಟಿಯ ಕಾಡುಗಿಡವನ್ನು ಸುರಿದು, ಬೋಂಡ ತೋರಿಸಿದ ಸೊಪ್ಪು ಕೊಯ್ದೆ.

ಮಧ್ಯಾಹ್ನ ನೆರೆಯವರೆಲ್ಲ ಜಗಲಿಯಲ್ಲಿ ಪಾಯಸಕ್ಕೆ ಕೂತಿದ್ದಾಗ ದಿಗಂತನ ಜೀಪು ಬಂತು.

“ಎಲ್ಲಿ ಅತ್ತೆ, ನಾಯಿ?”

“ಪಾಯಸ ತಿಂದು ಹೋಗು. ನಾಯಿ ಕೊಡುದಿಲ್ಲೆ.”

“ಕಾವಲಿಗೆ ಆಗುದಿಲ್ಲೆ ಅಂತ ನೀವೇ ಹೇಳಿದ್ದಲ್ಲ?”

ಅತ್ತೆ ಎಲ್ಲರ ಮುಖ ನೋಡಿದರು.

“ಕಾವಲಿಗಲ್ಲ. ನನ್ನ ಮೂಗಿಗೆ ವಾಸನೆ ಇಲ್ಲೆ. ಇನ್ನು ಸೊಪ್ಪು ನೋಡುದು ಇವನೇ.”

ಎಲ್ಲರೂ ಅತ್ತೆ ತೋರಿಸಿದ ಕಡೆ ತಿರುಗಿದರೆ ಇವನೆಲ್ಲಿ? ಬೋಂಡ ದಿಗಂತನ ಜೀಪು ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಸಂಪಾಜೆಗೆ ಹೊರಡಲು ಬಾಲ ಆಡಿಸುತ್ತಿದ್ದ. ಅತ್ತೆ ತಮ್ಮ ಬಟ್ಟಲಿನ ಪಾಯಸವನ್ನೇ ತೋರಿಸಿ ಅವನನ್ನು ಕೆಳಗಿಳಿಸಬೇಕಾಯಿತು.