ಪ್ರೇಮಕುಮಾರನ ಪೆಪ್ಪರಮೆಂಟು ಪಾಠ

ಖಡಕಿ ಬಜಾರಿನಲ್ಲಿದ್ದ ಅಪ್ಪನ ಕಿರಾಣಿ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುವುದು ತನ್ನಂಥ ಬುದ್ಧಿವಂತನಿಗೆ ಹೇಳಿಸಿದ್ದಲ್ಲ ಎಂದು ಪ್ರೇಮಕುಮಾರ ತೀರ್ಮಾನಿಸಿಬಿಟ್ಟಿದ್ದ. ಬುದ್ಧಿವಂತ ಎಂದು ಸರ್ಟಿಫಿಕೇಟು ಕೊಟ್ಟವರು ಯಾರು ಎಂದು ಕೇಳಬೇಡಿ, ಅವನೇ. ಅಪ್ಪ ಶಂಕ್ರೆಪ್ಪ ಹೆಚ್ಚು ವಾದ ಮಾಡಲಿಲ್ಲ. "ಬಿ.ಎಡ್. ಪಾಸಾದ್ರ ಮಾಸ್ತರ್ ಆಗು. ಫೇಲಾದ್ರ ಮರುದಿನಾನ ಬಂದು ಗಲ್ಲಾದ ಮ್ಯಾಲ ಕೂಡು," ಎಂದರು.

೧೯೯೬ರಲ್ಲಿ ಶಿವಾಜಿನಗರದ ಕಾಲೇಜಿನವರು ಅವನನ್ನು ಪಾಠದ ಅಭ್ಯಾಸಕ್ಕೆಂದು ಒಂದು ಕನ್ನಡ ಶಾಲೆಯ ಐದನೇ ತರಗತಿಗೆ ಕಳಿಸಿದರು. ಮೊದಲ ದಿನ, ಹಿಂದಿನ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಪ್ರಶ್ನೆಯನ್ನು ಕೇಳಿದ. ಮಕ್ಕಳು ಫ್ಯಾನು ನೋಡಿದರು. ಇನ್ನೊಂದು ಕೇಳಿದ. ಮತ್ತೆ ಫ್ಯಾನು. ಬೆವರು ಒರೆಸಿಕೊಳ್ಳುವುದರಲ್ಲೇ ಗಂಟೆ ಹೊಡೆಯಿತು.

ಮರುದಿನ ಅಂಗಡಿಯ ಬರಣಿಗೆ ಕೈಹಾಕಿ ಒಂದು ಜೇಬು ಪೆಪ್ಪರಮೆಂಟು ತಂದ. ಸರಿ ಉತ್ತರಕ್ಕೆ ಒಂದು. ಆಹಾ, ತರಗತಿಯ ತುಂಬ ಕೈಗಳೇ ಕೈಗಳು! ಹಿಂದಿನ ಬೆಂಚಿನಲ್ಲಿ ಕೂತಿದ್ದ ತರಗತಿಯ ಶಿಕ್ಷಕಿ ಅನುಸೂಯಾ ಬಾಯಿ, "ಚಟಾ ಹಚ್ಚಬ್ಯಾಡ್ರಿ ಸರ್, ಆಮ್ಯಾಲೆ ಭಾಳ ತ್ರಾಸ್ ಆಗ್ತದ," ಎಂದರು. ಹಳೇ ಕಾಲದವರಿಗೆ ಹೊಸ ಪದ್ಧತಿ ಎಲ್ಲಿ ತಿಳಿಯಬೇಕು ಎಂದು ಅವನು ಒಳಗೇ ನಕ್ಕ.

ವಾರದೊಳಗೆ ದರ ಏರಿತು. "ದೊಡ್ಡ ಪ್ರಶ್ನಿಗೆ ಎರಡು ಕೊಡ್ರಿ ಸರ್," ಎಂದಳು ಮುಂದಿನ ಬೆಂಚಿನ ಶೀತಲ್. ಕೊಟ್ಟ. ಅಂಗಡಿ ಬೇಡವೆಂದು ಓಡಿಬಂದ ಮಹಾಶಯ ತರಗತಿಯಲ್ಲೇ ಅಂಗಡಿ ತೆರೆದು ಕೂತಿದ್ದ, ಅದೂ ದಿವಾಳಿ ಅಂಗಡಿ.

ಪರೀಕ್ಷೆಯ ಪಾಠದ ದಿನ ಬಂತು. ಸೊಲ್ಲಾಪುರದಿಂದ ಬಂದ ಪರೀಕ್ಷಕರು ಹಿಂದೆ ಕೂತರು. ಅವರೆದುರು ಜೇಬಿಗೆ ಕೈಹಾಕುವಂತಿಲ್ಲ. ಪ್ರೇಮಕುಮಾರ ಹಲಗೆಯ ಮೇಲೆ ಎಂಟು ಮೀಟರ್ ಉದ್ದ, ಏಳು ಮೀಟರ್ ಅಗಲದ ಕೋಣೆ ಬರೆದು, ಅದರ ವಿಸ್ತೀರ್ಣ ಕೇಳಿದ. ಮತ್ತೆ ಎಲ್ಲರ ಕಣ್ಣೂ ಫ್ಯಾನಿನ ಮೇಲೆ. ಶೀತಲ್ ಅಂಗೈ ಚಾಚಿದಳು.

"ಮೊದ್ಲ ತೋರಸ್ರಿ ಸರ್."

"ಏನ್ ತೋರಸ್ಬೇಕಂತ್ರಿ?" ಎಂದರು ಪರೀಕ್ಷಕರು.

"ಆಕೃತಿ ರೀ ಸರ್, ಆಕೃತಿ!" ಎಂದು ಪ್ರೇಮಕುಮಾರ ಹಲಗೆಗೆ ಅಂಟಿಕೊಂಡ. ಇನ್ನು ತನ್ನ ಪ್ರಶ್ನೆಗೆ ತಾನೇ ಉತ್ತರಿಸದೆ ಗತ್ಯಂತರವಿರಲಿಲ್ಲ. ಕಣ್ಣ ಮುಂದೆ ಗಲ್ಲಾ ಕುಣಿಯುತ್ತಿತ್ತು. ಗಡಿಬಿಡಿಯಲ್ಲಿ ಬರೆದ: ಏಳೆಂಟಲೆ ಐವತ್ತನಾಲ್ಕು.

"ತಪ್ಪು! ತಪ್ಪು ರೀ ಸರ್! ಐವತ್ತಾರು!"

ಇಡೀ ತರಗತಿ ಎದ್ದು ನಿಂತಿತ್ತು. ಯಾರೂ ಕೈ ಚಾಚಿರಲಿಲ್ಲ. ಶೀತಲ್ ಓಡಿಬಂದು ಅವನ ಕೈಯಿಂದ ಸುಣ್ಣದ ಕಡ್ಡಿ ಕಸಿದು, ಕೋಣೆಯೊಳಗೆ ಸಾಲುಸಾಲಾಗಿ ಚೌಕ ಗೀಚಿದಳು. ಉಳಿದವರು ಒಕ್ಕೊರಲಿನಿಂದ ಎಣಿಸಿದರು. ಪ್ರೇಮಕುಮಾರ ಪೆಚ್ಚಾಗಿ ಗೋಡೆ ಹಿಡಿದು ನಿಂತ. ಇಷ್ಟು ದಿನ ಅವನು ಕೇಳಿಸಿಕೊಂಡಿದ್ದು ತನ್ನ ಧ್ವನಿಯನ್ನು ಮಾತ್ರ. ಈಗ ಮಕ್ಕಳ ಧ್ವನಿ ಕೇಳಿ ನಾಚಿಕೆಯೂ ಆಯಿತು, ಹೇಳಲಾರದಷ್ಟು ಖುಷಿಯೂ ಆಯಿತು.

ಪರೀಕ್ಷಕರು ಮುಂದೆ ಬಂದರು. "ಭಾಳ ಛಲೋ ಯುಕ್ತಿ ರೀ. ಬೇಕಂತನ ತಪ್ಪ ಬರದು ಹುಡುಗರನ್ನ ಎಬ್ಬಿಸಿದ್ರಿ, ಹೌದಲ್ರಿ?"

ದೇವರೇ ಕೈಹಿಡಿದಂತಾಯಿತು. "ಹೌದ್ರಿ ಸರ್, ಬೇಕಂತನ," ಎಂದುಬಿಟ್ಟ ಪ್ರೇಮಕುಮಾರ.

"ಇಲ್ರಿ!" ಎಂದಳು ಶೀತಲ್. ಅವಳ ಮುಖದಲ್ಲಿ ನಿಜವಾದ ಕಳವಳವಿತ್ತು. "ನಮ್ಮ ಸರ್‌ಗೆ ಖರೇನ ಬರಂಗಿಲ್ರಿ. ಫೇಲ್ ಮಾಡಬ್ಯಾಡ್ರಿ. ನಾವ ಕಲಸ್ತೀವ್ರಿ ಅವರಿಗೆ."

ಪ್ರೇಮಕುಮಾರ ತಲೆ ತಗ್ಗಿಸಿದ. "ಆಕಿ ಹೇಳೂದು ಖರೇ ಅದ ರೀ ಸರ್."

ಪರೀಕ್ಷಕರು ಅವನನ್ನೂ ಅವಳನ್ನೂ ನೋಡಿ ಪೆನ್ನು ತೆರೆದರು. "ಪಾಸ್ ಮಾಡ್ತೀನಿ," ಎಂದರು. "ಕಲಸಾವ್ರು ಛಲೋ ಸಿಕ್ಕಾರ ನಿಮಗ."