ಮ್ಯಾಟರ್ ಇದ್ದ ಹಾಗೆ

ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಎದುರಿಗಿರುವ ಗಂಗಾಧರನ ಜೆರಾಕ್ಸ್ ಅಂಗಡಿಯಲ್ಲಿ ವಾಣಿಶ್ರೀ ಹದಿನಾಲ್ಕು ವರ್ಷ ಟೈಪ್ ಮಾಡಿದಳು. ಮಾಡಿದ್ದು ನಾಲ್ಕೇ ಬೆರಳಲ್ಲಿ. ಉಳಿದ ಆರು ಬೆರಳು ಮದುವೆಮನೆಗೆ ಬಂದ ದೂರದ ನೆಂಟರಂತೆ ಸುಮ್ಮನೆ ಕೂತಿರುತ್ತಿದ್ದವು. ಆದರೂ ಆ ಬೀದಿಯಲ್ಲಿ ಅವಳಷ್ಟು ಬೇಗ ಅರ್ಜಿ ಮುಗಿಸುವವರು ಬೇರೊಬ್ಬರಿರಲಿಲ್ಲ.

ವೇಗದ ಗುಟ್ಟು ಬೆರಳಲ್ಲಿ ಇರಲಿಲ್ಲ. ಜನ ತಂದುಕೊಟ್ಟ ಕೈಬರಹದ ಹಾಳೆಯನ್ನು ಅವಳು ಒಂದು ಸಲ ಕಣ್ಣಾಡಿಸಿ, ವಿಷಯ ಹಿಡಿದುಕೊಂಡು, ಆಮೇಲೆ ತನ್ನದೇ ಮಾತಿನಲ್ಲಿ ಹೊಡೆದುಬಿಡುತ್ತಿದ್ದಳು. ಒಂದೂವರೆ ಪುಟದ ಗೋಳು ಎಂಟು ಸಾಲಿಗೆ ಇಳಿಯುತ್ತಿತ್ತು. ಬಿಟ್ಟುಹೋದ ಸರ್ವೆ ನಂಬರು, ತಪ್ಪಿದ ಹೋಬಳಿ, ಎಲ್ಲವನ್ನೂ ಕೇಳಿ ಸರಿಮಾಡುತ್ತಿದ್ದಳು. ಯಲ್ದೂರಿನವಳೇ ಆದ್ದರಿಂದ ಸುತ್ತಿನ ಹೊಲಗಳೆಲ್ಲ ಅವಳಿಗೆ ಹೆಚ್ಚುಕಡಿಮೆ ಗೊತ್ತಿದ್ದವು.

ಕೋಲಾರದ ಸರ್ಕಾರಿ ಕಚೇರಿಯೊಂದಕ್ಕೆ ಟೈಪಿಸ್ಟ್‌ಗಳನ್ನು ಕರೆದಾಗ ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶವಾಗಿತ್ತು. ಗಂಗಾಧರ್ ಯಾವತ್ತಾದರೂ ಷಟರ್ ಎಳೆದರೆ ತನ್ನ ಕೆಲಸವೂ ಅವತ್ತಿಗೇ ಮುಗಿಯಿತು ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ಅರ್ಜಿ ಹಾಕಿದಳು. ಊರಿಗೆಲ್ಲ ಅರ್ಜಿ ಬರೆದುಕೊಟ್ಟವಳು ತನಗೋಸ್ಕರ ಹಾಕಿದ ಮೊದಲ ಅರ್ಜಿ ಅದು. ಮುಂದೆ ಟೈಪಿಂಗ್ ಪರೀಕ್ಷೆಯಿತ್ತು. ವೇಗದ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ.

ಚಿಂತೆ ಹುಟ್ಟಿಸಿದವರು ಕೋದಂಡರಾಮಪ್ಪ. ಹಳೆಯ ಟೈಪ್ ಇನ್‌ಸ್ಟಿಟ್ಯೂಟಿನಲ್ಲಿ ಮೆಷಿನ್ನುಗಳನ್ನು ಗುಜರಿಗೆ ಹಾಕಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡಿದ್ದ ಮೇಷ್ಟ್ರು. ಅಭ್ಯಾಸಕ್ಕೆಂದು ಹೋದವಳಿಗೆ ಒಂದು ಪುಟ ಕೊಟ್ಟು ಹೊಡೆಸಿದರು. ಅವಳು ಎಲ್ಲರಿಗಿಂತ ಮೊದಲು ಮುಗಿಸಿ ಕೈಕಟ್ಟಿ ಕೂತಳು. ಅವರು ಕೆಂಪು ಪೆನ್ನಿನಲ್ಲಿ ಇಪ್ಪತ್ತೆರಡು ಕಡೆ ಸುತ್ತು ಹಾಕಿದರು. ಕೈತಪ್ಪು ಮೂರೇ. ಮಿಕ್ಕ ಹತ್ತೊಂಬತ್ತರಲ್ಲಿ ಅವಳು ಕೊಟ್ಟ ಮ್ಯಾಟರನ್ನು ತನ್ನ ಮಾತಿನಲ್ಲಿ ಚೆಂದ ಮಾಡಿದ್ದಳು.

"ಟೈಪಿಸ್ಟು ಓದಬಾರ್ದಮ್ಮ, ನೋಡ್ಬೇಕು. ಅಲ್ಲಿ ಏನಿದೆಯೋ ಅದು. ಅದರ ಮೇಲೆ ನಿನ್ ಬುದ್ಧಿ ಬೇಡ," ಅಂದರು.

ಅವತ್ತಿನಿಂದ ಅವಳ ಕೈಮೇಲೆ ಟವೆಲ್ ಹೊದಿಸಿದರು, ಕೀಲಿ ಕಾಣಬಾರದೆಂದು. ಹತ್ತು ಬೆರಳಿಗೂ ಕೆಲಸ ಬಂತು. ಮೊದಲ ವಾರ ಅವಳ ವೇಗ ಎಷ್ಟು ಬಿತ್ತೆಂದರೆ, ಪಕ್ಕದಲ್ಲಿ ಕಲಿಯಲು ಬಂದಿದ್ದ ಕಾಲೇಜು ಹುಡುಗಿಯರು ಅವಳಿಗಾಗಿ ಕಾಯುವಂತಾಯಿತು. ಬೆರಳು ಬಗ್ಗಿದರೂ ಓದುವ ಚಟ ಬಿಡಲಿಲ್ಲ. ಅದಕ್ಕೆ ಮೇಷ್ಟ್ರು ತಮ್ಮದೇ ಮದ್ದು ಕೊಟ್ಟರು. ಪುಟದ ಕೊನೆಯ ಪದದಿಂದ ಶುರುಮಾಡಿ ಹಿಂದುಹಿಂದಕ್ಕೆ ಮೊದಲ ಪದದವರೆಗೆ ಹೊಡೆಯಬೇಕು. ಅರ್ಥ ತಲೆಗೆ ಹತ್ತಲು ದಾರಿಯೇ ಇಲ್ಲ. ಎರಡು ತಿಂಗಳು ಅದನ್ನೇ ಮಾಡಿದಳು. ಮೂರನೆಯ ತಿಂಗಳಿಗೆ ಮ್ಯಾಟರ್ ಅವಳ ಕಣ್ಣಿನಿಂದ ನೇರವಾಗಿ ಬೆರಳಿಗೆ ಇಳಿಯುತ್ತಿತ್ತು, ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ.

ಕೋಲಾರದ ಪರೀಕ್ಷೆಯಲ್ಲಿ ಕೊಟ್ಟ ಪುಟದಲ್ಲಿ ಒಂದು ಸಾಲು ಎರಡು ಸಲ ಅಚ್ಚಾಗಿತ್ತು. ಕೆಲವರು ನಿಂತರು, ಕೆಲವರು ಮೇಲ್ವಿಚಾರಕರನ್ನು ಕರೆದರು. ವಾಣಿಶ್ರೀ ಎರಡು ಸಲವೂ ಹೊಡೆದು ಮುಂದೆ ಹೋದಳು. ಸಾಲು ಎರಡು ಸಲ ಬಂದದ್ದೇ ಅವಳಿಗೆ ತಿಳಿದಿರಲಿಲ್ಲ.

ಫಲಿತಾಂಶಕ್ಕೆ ಕಾಯುತ್ತಿದ್ದ ದಿನಗಳಲ್ಲಿ ಮುನಿಗಂಗಮ್ಮ ಬಂದಳು. ಯಲ್ದೂರಿನ ಮುದುಕಿ, ಅಕ್ಷರ ಬಾರದು, ಕೈಯಲ್ಲಿ ಪಕ್ಕದ ಹೊಲದ ಕದಿರಪ್ಪ ಬರೆದುಕೊಟ್ಟ ಹಾಳೆ. ತನ್ನ ಹೊಲವನ್ನು ಅಳೆಸಿ ಗಡಿ ಗುರುತು ಮಾಡಿಕೊಡಬೇಕೆಂಬ ಅರ್ಜಿ. ವಾಣಿಶ್ರೀ ಹತ್ತು ಬೆರಳಲ್ಲಿ, ಹಾಳೆಯ ಮೇಲಿಂದ ಕಣ್ಣೆತ್ತದೆ, ಮೂರು ನಿಮಿಷದಲ್ಲಿ ಮುಗಿಸಿದಳು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಎರಡು ತಿಂಗಳ ಮೇಲೆ ಸರ್ವೆಯವರು ಬಂದು ಕದಿರಪ್ಪನ ಹೊಲ ಅಳೆದುಹೋದರು. ಕದಿರಪ್ಪ ತನ್ನದೇ ಹಳೆಯ ಅರ್ಜಿಯನ್ನು ನೋಡಿ ನಕಲು ಮಾಡುವಾಗ ಮುನಿಗಂಗಮ್ಮನ ಹೆಸರು ಹಾಕಿದ್ದ, ಸರ್ವೆ ನಂಬರನ್ನು ಮಾತ್ರ ತನ್ನದೇ ಬಿಟ್ಟಿದ್ದ. ಆ ಮುದುಕಿಯ ನಂಬರು ವಾಣಿಶ್ರೀಗೆ ಬಾಯಿಪಾಠವಿತ್ತು, ಹಿಂದೆ ಮೂರು ಸಲ ಹೊಡೆದಿದ್ದಳು.

ಮುನಿಗಂಗಮ್ಮ ಬೈಯಲಿಲ್ಲ. "ನೀನು ನೋಡ್ಕೊಂತೀಯ ಅಂತಾನೇ ಅಲ್ವಾ ಅಮ್ಮಾಯೀ, ನಿನ್ ಹತ್ರ ಬರೋದು," ಅಂದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ವಾಣಿಶ್ರೀಗೆ.

ಅದೇ ವಾರ ಆಯ್ಕೆ ಪಟ್ಟಿ ಬಂತು. ವಾಣಿಶ್ರೀಯ ಹೆಸರಿತ್ತು. ಸಿಹಿ ಕೊಡಲು ಹೋದವಳು ಮೇಷ್ಟ್ರಿಗೆ ಮುದುಕಿಯ ಸಂಗತಿಯನ್ನೂ ಹೇಳಿದಳು. ಅದು ಬರೆದವನ ತಪ್ಪು, ಟೈಪಿಸ್ಟಿನದಲ್ಲ ಅಂದರು ಅವರು. ತಪ್ಪಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಸಮಾಧಾನ ಮಾತ್ರ ಆಗಲಿಲ್ಲ.

ಅವಳ ಜಾಗಕ್ಕೆ ಗಂಗಾಧರ್ ಧನಶ್ರೀ ಎಂಬ ಹುಡುಗಿಯನ್ನು ತಂದು ಕೂರಿಸಿದ. ಹತ್ತು ಬೆರಳು ಹಾಗಿರಲಿ, ಆ ಹುಡುಗಿಗೆ ನಾಲ್ಕು ಬೆರಳೂ ಆಡುತ್ತಿರಲಿಲ್ಲ. ಹಾಳೆ ಹಿಡಿದುಕೊಂಡು ಮೊಬೈಲಿಗೆ ಜೋರಾಗಿ ಓದಿ ಹೇಳುತ್ತಿದ್ದಳು, ಅಕ್ಷರ ತಾನಾಗಿ ಮೂಡುತ್ತಿತ್ತು. ಸಾಲಿಗೆರಡು ತಪ್ಪು ಬೀಳುತ್ತಿತ್ತು, ಆಮೇಲೆ ತಿದ್ದುತ್ತಿದ್ದಳು. ಇದೂ ಒಂದು ಟೈಪಿಂಗೇ ಎಂದು ವಾಣಿಶ್ರೀ ಮೂಗು ಮುರಿದಳು.

ಅವಳು ಅಂಗಡಿ ಬಿಡುವ ಹಿಂದಿನ ದಿನ ಮುನಿಗಂಗಮ್ಮ ಹೊಸ ಹಾಳೆ ತಂದಳು, ಮತ್ತೆ ಕದಿರಪ್ಪನದೇ ಬರಹ. ವಾಣಿಶ್ರೀ ಇಸಿದುಕೊಂಡು ನಿಧಾನವಾಗಿ ಓದಿದಳು. ಸರ್ವೆ ನಂಬರು ಈ ಸಲ ಸರಿಯಾಗಿತ್ತು. ನಿಶ್ಚಿಂತೆಯಿಂದ ಧನಶ್ರೀ ಕೈಗೆ ಕೊಟ್ಟಳು. ಧನಶ್ರೀ ಎಂದಿನಂತೆ ಮೊಬೈಲ್ ಬಾಯಿಯ ಹತ್ತಿರ ಹಿಡಿದು ಓದತೊಡಗಿದಳು. ಹೊಲದ ಪೂರ್ವಕ್ಕೆ ಕದಿರಪ್ಪನ ಜಮೀನು ಎಂಬಲ್ಲಿಗೆ ಬಂದಾಗ ಮುದುಕಿ ಕೈ ಎತ್ತಿದಳು.

"ನಿಲ್ಸಮ್ಮಾಯೀ. ಕದಿರಪ್ಪನ್ದು ಪಡುವಣಕ್ಕದೆ. ಮೂಡಣಕ್ಕಿರೋದು ನೀರಿನ ಕುಂಟೆ."

ಧನಶ್ರೀ ತಿದ್ದಿದಳು. ಇನ್ನೊಂದು ಸಾಲಿಗೆ ಮುದುಕಿ ಮತ್ತೆ ತಡೆದಳು. ಗಂಡನ ಹೆಸರಿನ ಹಿಂದೆ 'ದಿವಂಗತ' ಇರಲಿಲ್ಲ. ಆ ಎರಡೂ ವಾಣಿಶ್ರೀಯ ಕಣ್ಣಿಗೆ ಬಿದ್ದಿರಲಿಲ್ಲ.

ಕೊನೆಯವರೆಗೂ ಕೇಳಿಸಿಕೊಂಡು ಮುದುಕಿ ಸೆರಗು ಸರಿಮಾಡಿಕೊಂಡಳು. ಮುಖದಲ್ಲಿ ಏನೋ ಗೆಲುವು. ವಾಣಿಶ್ರೀಯ ಕಡೆ ತಿರುಗಿ, ದೂರಿನ ಸುಳಿವೂ ಇಲ್ಲದೆ, "ಇಷ್ಟ್ ವರ್ಷ ಹೆಬ್ಬೆಟ್ಟು ಒತ್ತಿದೀನಿ. ನನ್ ಅರ್ಜೀಲಿ ಏನ್ ಬರ್ದದೆ ಅಂತ ಇವತ್ತೇ ಕೇಳಿದ್ದು," ಅಂದಳು.

ಹದಿನಾಲ್ಕು ವರ್ಷದಲ್ಲಿ ತಾನು ಯಾರಿಗೂ ಒಂದು ಸಲವೂ ಓದಿ ಹೇಳಿರಲಿಲ್ಲ ಎಂಬುದು ವಾಣಿಶ್ರೀಗೆ ಆಗ ಹೊಳೆಯಿತು. ಮುದುಕಿಯ ಹೆಬ್ಬೆಟ್ಟಿಗೆ ಶಾಯಿಯ ಪ್ಯಾಡನ್ನು ತಾನೇ ಮುಂದೆ ಹಿಡಿದಳು.