ಭಾವ ತಂದ ಸಬ್‌ವೂಫರ್

ನನ್ನ ಭಾವ ಮೂವತ್ತನಾಲ್ಕು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಅರ್ಧ ಊರನ್ನು ಮೇಲೆ ಹತ್ತಿಸಿ ಕೆಳಗಿಳಿಸಿದ ಈ ಪುಣ್ಯಾತ್ಮ ಸ್ವತಃ ವಾಸವಾಗಿರುವುದು ಲಿಫ್ಟೇ ಇಲ್ಲದ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವರು ಕೊಂಡ ಸಬ್‌ವೂಫರನ್ನು ಅಷ್ಟೂ ಮೆಟ್ಟಿಲು ಹೊತ್ತವನು ನಾನು. ಇಪ್ಪತ್ತೆರಡು ಕೆಜಿ. ಭಾವ ಮುಂದೆ ಮುಂದೆ ಹೋಗುತ್ತಾ "ಹುಷಾರು, ಹುಷಾರು" ಅಂದರು. ಅದು ನನ್ನ ಸೊಂಟಕ್ಕೆ ಹೇಳಿದ್ದಲ್ಲ, ಪೆಟ್ಟಿಗೆಗೆ.

ಸಬ್‌ವೂಫರ್ ಅಂದರೆ ಸಿನಿಮಾದಲ್ಲಿ ಗುಡುಗೋ ರೈಲೋ ಬಂದಾಗ ಎದೆಗೆ ಗುದ್ದುವ ದಪ್ಪ ಸದ್ದಿಗೆಂದೇ ಇರುವ ದೊಡ್ಡ ಪೆಟ್ಟಿಗೆ. ಅರವತ್ತು ದಾಟಿದ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ಯಾರಾದರೂ ಕೇಳಬಹುದು. ಹುಚ್ಚು ಸಿನಿಮಾದ್ದಲ್ಲ, ನನ್ನ ಅಕ್ಕನ ಮೇಲಿನದು.

ಮೂರು ವರ್ಷದ ಹಿಂದೆ ಒಂದು ಜ್ವರ ಬಂದು ಅಕ್ಕನ ಎರಡೂ ಕಿವಿಗಳನ್ನು ಒಯ್ದಿತು. ಕಿವಿಗೆ ಹಾಕುವ ಯಂತ್ರದಿಂದ ಬರೀ ತಗಡು ಬಡಿದ ಸದ್ದು ಬರುತ್ತಿತ್ತಂತೆ. ಅದು ಡ್ರಾಯರ್ ಸೇರಿತು. ಅದಕ್ಕೆ ಮೊದಲು ಗಂಡ ಹೆಂಡತಿ ದಿನಾ ಸಂಜೆ ಸೋಫಾದ ಮೇಲೆ ಕೂತು ಸಿನಿಮಾ ನೋಡುತ್ತಿದ್ದರು. ನೋಡುತ್ತಿದ್ದರು ಅನ್ನುವುದಕ್ಕಿಂತ ಜಗಳವಾಡುತ್ತಿದ್ದರು. "ಇವನಿಗೆ ಬುದ್ಧಿ ಇದ್ದಿದ್ರೆ ಆ ಬಾಗಿಲು ತೆಗೀತಿದ್ನಾ?" ಎಂದು ಅಕ್ಕ ಟಿವಿಯೊಳಗಿನವರಿಗೆ ಬೈಯುವುದು ಮೆಟ್ಟಿಲವರೆಗೂ ಕೇಳುತ್ತಿತ್ತು. ಕಿವಿ ಹೋದ ಮೇಲೆ ಅವಳು ಸಂಜೆಯಾದರೆ ಅಡುಗೆಮನೆ ಸೇರತೊಡಗಿದಳು. ಭಾವ ಒಬ್ಬರೇ ಸೋಫಾದ ಒಂದು ತುದಿಯಲ್ಲಿ. ಇನ್ನೊಂದು ತುದಿಗೆ ಅವರು ಸರಿದು ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ದಪ್ಪ ಸದ್ದು ಕಿವಿ ಕೇಳದವರಿಗೂ ಮೈಗೆ ಗೊತ್ತಾಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಮನೆ ಖಾಲಿ ಮಾಡುತ್ತಿದ್ದ ಒಬ್ಬಾತ ತನ್ನ ಪೆಟ್ಟಿಗೆ ಮಾರುತ್ತೇನೆಂದು ಅಂಗಡಿಯ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದ. ಹೋಗಿ ಹಾಕಿಸಿ ಕೇಳಿದೆವು. ಅವನ ಮನೆಯಲ್ಲಿ ಬೀರುವಿನೊಳಗಿನ ಲೋಟಗಳು ಗಲಗಲ ಅಂದವು. ಭಾವನ ಮುಖ ಅರಳಿತು. ಅವರಿಗೆ ಬೇಕಾಗಿದ್ದದ್ದು ಇಷ್ಟೇ, ಅಕ್ಕ ಮತ್ತೆ ಬಂದು ಪಕ್ಕದಲ್ಲಿ ಕೂರಬೇಕು.

ಭಾವನ ಮನೆಗೆ ಬಂದಾಗ ಅದೇ ಪೆಟ್ಟಿಗೆ ಗಂಟಲು ಕಟ್ಟಿದವರ ಹಾಗೆ ಗೊರ ಗೊರ ಎಂದಿತು. ಅಕ್ಕ ಮಂಡಿಯ ಮೇಲೆ ಕೈ ಇಟ್ಟುಕೊಂಡು ಹತ್ತು ನಿಮಿಷ ಶ್ರದ್ಧೆಯಿಂದ ಕೂತಳು.

"ಏನೂ ಇಲ್ಲ ರೀ," ಎಂದು ಎದ್ದು ಹೋದಳು.

"ಅವನು ಟೋಪಿ ಹಾಕಿದಾನೆ, ಭಾವ, ವಾಪಸ್ ಕೊಟ್ಬಿಡಿ," ಎಂದೆ. ಹೊತ್ತ ಸಿಟ್ಟು ನನಗಿನ್ನೂ ಇಳಿದಿರಲಿಲ್ಲ.

"ಯಂತ್ರ ಟೋಪಿ ಹಾಕಲ್ಲ ಕಣೋ. ನಾವೇ ಎಲ್ಲೋ ಎಡವಿರ್ತೀವಿ," ಎಂದರು ಭಾವ.

ಅಲ್ಲಿಂದ ಶುರುವಾಯಿತು. ಲಿಫ್ಟಿನ ಕೆಲಸದಲ್ಲಿ ಏನು ಮುಟ್ಟಿದರೂ ಪುಸ್ತಕದಲ್ಲಿ ಬರೆದಿಡಬೇಕು. ಭಾವ ಗೆರೆ ಹಾಕಿದ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ 'ದೂರು: ಹೆಂಡತಿಗೆ ಗೊತ್ತಾಗುತ್ತಿಲ್ಲ' ಎಂದು ಬರೆದರು. ಒಂದು ದಿನಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲವಂತೆ. ವೈರು ಬದಲಾಯಿಸಿದರು. ಪೆಟ್ಟಿಗೆಯನ್ನು ಕಿಟಕಿಯ ಕೆಳಗಿಂದ ಮೂಲೆಗೆ ತಳ್ಳಿದರು, ಅಂದರೆ ನನ್ನಿಂದ ತಳ್ಳಿಸಿದರು. ಹಿಂದಿನ ಫಲಕ ಬಿಚ್ಚಿ ಬೆಸುಗೆ ನೋಡಿದರು. ದಿನಾ ಸಂಜೆ ಅಕ್ಕನನ್ನು ಕರೆದು ಕೂರಿಸುವುದು, ಅವಳು ತಲೆ ಅಲ್ಲಾಡಿಸುವುದು, ಇವರು ಪುಸ್ತಕದಲ್ಲಿ 'ಇಲ್ಲ' ಎಂದು ಬರೆಯುವುದು. ಒಂಬತ್ತನೇ ದಿನ ಹಿಂಬದಿಯ ಒಂದು ಸಣ್ಣ ಸ್ವಿಚ್ ಹಾಕಿದಾಗ ಎದ್ದ ಸದ್ದಿಗೆ ನಾನು ಬೆಚ್ಚಿಬಿದ್ದೆ. ಅಲ್ಲಿಯವರೆಗೆ ಬೇರೆ ಸ್ಪೀಕರ್‌ಗಳು ಗಾಳಿಯನ್ನು ಮುಂದಕ್ಕೆ ತಳ್ಳಿದರೆ ಇದು ಹಿಂದಕ್ಕೆ ಎಳೆಯುತ್ತಿತ್ತಂತೆ. ಹೀಗೆ ಒಂದನ್ನೊಂದು ತಿಂದುಹಾಕುತ್ತಿದ್ದವು.

ನನ್ನ ಕಿವಿಗೇನೋ ಸದ್ದು ಬಂತು. ಅಕ್ಕ ಮಾತ್ರ ಕಾಲು ನೆಲಕ್ಕೂರಿ ಕೂತವಳು ಮತ್ತೆ ತಲೆ ಅಲ್ಲಾಡಿಸಿದಳು. ಭಾವ ಪೆನ್ನಿನ ಮುಚ್ಚಳ ಹಾಕಿದರು. ಆ ದಿನ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ನನಗೆ ನಿಜವಾಗಿ ಪಾಪ ಅನ್ನಿಸಿತು.

ಭಾನುವಾರ ಬೆಳಗ್ಗೆ ಗುಡಿಸುತ್ತಿದ್ದ ಅಕ್ಕ ಮೂಲೆಯಲ್ಲಿ ಬಗ್ಗಿ, ಪೊರಕೆಯ ಹಿಡಿಯಿಂದ ಪೆಟ್ಟಿಗೆಯ ಬುಡ ತಿವಿದಳು.

"ಇದಕ್ಯಾಕ್ರೀ ಚಪ್ಪಲಿ ಹಾಕ್ಸಿದೀರಾ?"

ನೋಡಿದರೆ ನಾಲ್ಕು ಮೂಲೆಗೂ ಎರಡೆರಡು ಇಂಚಿನ ರಬ್ಬರ್ ಗಟ್ಟಿಗಳು. ಭಾವ ಹಣೆ ಚಚ್ಚಿಕೊಂಡರು. ಲಿಫ್ಟಿನ ಮೋಟಾರು ಗುಂಯ್ ಎಂದರೆ ಮೇಲಿನ ಮನೆಯವರು ದೂರು ಕೊಡುತ್ತಾರೆ. ಆ ನಡುಕ ಕಟ್ಟಡಕ್ಕೆ ಇಳಿಯದಂತೆ ಮೋಟಾರಿನ ಕೆಳಗೆ ರಬ್ಬರ್ ಕೂರಿಸುವುದು ಅವರ ಕೆಲಸದ ಮೊದಲ ಪಾಠ. ಪೆಟ್ಟಿಗೆ ಮನೆಗೆ ಬಂದ ದಿನ, ವೈರು ಸಿಕ್ಕಿಸುವುದಕ್ಕೂ ಮೊದಲು, ಅವರ ಕೈ ತಾನಾಗಿಯೇ ಆ ಕೆಲಸ ಮಾಡಿ ಮುಗಿಸಿತ್ತು. ಹೆಂಡತಿಗೆ ನಡುಕ ಮುಟ್ಟಿಸಬೇಕೆಂದು ಹೊರಟ ಮನುಷ್ಯ ನಡುಕವನ್ನು ನೆಲ ಮುಟ್ಟದಂತೆ ಅಚ್ಚುಕಟ್ಟಾಗಿ ತಡೆದಿದ್ದ! ನಾನು ನಗುತ್ತಾ ನೆಲಕ್ಕೇ ಕೂತುಬಿಟ್ಟೆ. ಭಾವ ನಗಲಿಲ್ಲ. ಸ್ಪ್ಯಾನರ್ ತರಲು ಹೋದರು.

ಮಧ್ಯಾಹ್ನ ಪೆಟ್ಟಿಗೆ ನೇರ ಮರದ ಹಲಗೆಯ ನೆಲದ ಮೇಲೆ ಕೂತಿತು. ಸಿನಿಮಾದಲ್ಲಿ ಗೂಡ್ಸ್ ರೈಲೊಂದು ಬಂತು. ಅಕ್ಕನ ಕಣ್ಣು ದೊಡ್ಡದಾಯಿತು. ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ "ಬಂತು ರೀ! ಬಂತು ಬಂತು!" ಎಂದು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಭಾವ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ 'ಸರಿಹೋಯಿತು' ಎಂದು ಬರೆದು ಸಹಿ ಕೂಡ ಹಾಕಿದರು.

ರೈಲು ಹೋಯಿತು. ತೆರೆಯ ಮೇಲೆ ಇಬ್ಬರು ಮಾತಾಡತೊಡಗಿದರು. ಏನೋ ತಮಾಷೆಗೆ ನಾನೂ ಭಾವನೂ ನಕ್ಕೆವು. ಅಕ್ಕ ನಮ್ಮಿಬ್ಬರ ಮುಖ ನೋಡಿದಳು. ಸ್ವಲ್ಪ ಹೊತ್ತು ಕೂತು, ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದಳು.

ಭಾವ ಟಿವಿ ಹಾಗೇ ಬಿಟ್ಟು ಹಿಂದೆಯೇ ಹೋದರು. ನಾನೂ ಹೋದೆ. ಅಕ್ಕ ಬಟಾಣಿ ಸುಲಿಯುತ್ತಿದ್ದಳು. ಅವಳಿಗೆ ಏನಾದರೂ ಹೇಳಬೇಕಾದರೆ ನಾವೆಲ್ಲ ಬರೆಯುವ ಸ್ಲೇಟನ್ನು ಭಾವ ಮೊಳೆಯಿಂದ ತೆಗೆದರು. 'ಇನ್ನೇನು ಸರಿಮಾಡಬೇಕು?' ಎಂದು ಬರೆದರು.

ಅಕ್ಕ ಓದಿ ನಕ್ಕಳು. ಆಮೇಲೆ ನಗು ನಿಂತಿತು.

"ಪೆಟ್ಟಿಗೆ ಚೆನ್ನಾಗಿದೆ ರೀ. ಪಾಪ, ಎಷ್ಟು ಒದ್ದಾಡಿದ್ರಿ. ಆದ್ರೆ ಈ ಸ್ಲೇಟ್ ಮೇಲೆ ನೀವು ಬೇಕಾದ್ದು ಮಾತ್ರ ಬರೀತೀರಾ. ಗ್ಯಾಸ್ ಮುಗೀತು, ಮಾತ್ರೆ ತಗೋ, ತಮ್ಮ ಬರ್ತಾನೆ. ಬೇಡದ್ದನ್ನ ಯಾರು ಕೂತು ಬರೀತಾರೆ? ಮೂರು ವರ್ಷದಿಂದ ನನ್ನ ಹತ್ರ ನೀವು ಒಂದೇ ಒಂದು ಬೇಡದ ಮಾತು ಆಡಿಲ್ಲ."

ಯಾಕೆ ನಗ್ತಿದೀರಾ ಎಂದು ಅವಳು ಕೇಳಿದಾಗೆಲ್ಲ ಆಮೇಲೆ ಹೇಳ್ತೀನಿ ಎಂದು ಕೈಸನ್ನೆ ಮಾಡಿದವನು ನಾನೂ ಹೌದು. ಆಮೇಲೆ ಒಂದು ಸಲವೂ ಹೇಳಿಲ್ಲ.

ಭಾವ ಬಾಯಿ ತೆರೆದು ಏನೋ ಹೇಳಿದರು. ಅಕ್ಕ ಬೇಡವೆಂಬಂತೆ ಕೈ ಅಲ್ಲಾಡಿಸಿ ನನ್ನತ್ತ ಬೆರಳು ತೋರಿಸಿದಳು.

"ಇವನ ತುಟಿ ನೋಡಿದ್ರೆ ಅರ್ಧ ಗೊತ್ತಾಗತ್ತೆ. ತರಕಾರಿ ಅಂಗಡಿಯವಳದ್ದು ಪೂರ್ತಿ. ನಿಮ್ದು ಒಂದಕ್ಷರ ಇಲ್ಲ. ಬಾಯಿ ಎಲ್ಲಿದೆ ಅಂತ ಹುಡುಕ್ಲಿ?"

ಭಾವನ ಮೀಸೆಯ ಬಗ್ಗೆ ನಾನು ಇಲ್ಲಿಯವರೆಗೆ ಹೇಳಲಿಲ್ಲ, ನಿಜ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಮಗೂ ಆವತ್ತಿನವರೆಗೆ ಹೊಳೆದಿರಲಿಲ್ಲ. ಮೇಲ್ತುಟಿಯನ್ನು ಪೂರ್ತಿ ಮುಚ್ಚಿ ಕೆಳತುಟಿಗೂ ಇಳಿದ ಪೊದೆ ಮೀಸೆ ಅದು. ಕೆಲಸದ ಕಡೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಮೀಸೆ ಅಂತ.

'ಮೊದಲೇ ಯಾಕೆ ಹೇಳಲಿಲ್ಲ?' ಎಂದು ನಾನು ಸ್ಲೇಟಿನಲ್ಲಿ ಬರೆದೆ.

"ಮದುವೆಗೂ ಮುಂಚಿನಿಂದ ಇರೋದು ಕಣೋ. ಅಷ್ಟು ಪ್ರೀತಿಯಿಂದ ಸಾಕಿದಾರೆ. ತೆಗೀರಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಭಾವ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ಕತ್ತರಿಯ ಸದ್ದು, ನಲ್ಲಿಯ ಸದ್ದು ಕೇಳಿತು. ಅಕ್ಕನಿಗೆ ಅದೂ ಇಲ್ಲ. ಅವಳು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

ಹೊರಬಂದ ಭಾವನನ್ನು ನಾನು ಬೇರೆ ಯಾರೋ ಎಂದುಕೊಂಡೆ. ಮೇಲ್ತುಟಿಯ ಜಾಗ ಬಿಸಿಲೇ ಕಾಣದೆ ಬೆಳ್ಳಗಿತ್ತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಭಾವ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಅವಳ ಎದುರು ಕುರ್ಚಿ ಎಳೆದುಕೊಂಡು ಕೂತರು. ನಿಧಾನವಾಗಿ ಶುರುಮಾಡಿದರು.

"ಕೆಳಗಡೆ ಮನೆಯವನು ಹೊಸ ಛತ್ರಿ ತಗೊಂಡಿದಾನೆ. ಅಸಹ್ಯ ಬಣ್ಣ."

ಅಕ್ಕ ಅವರ ತುಟಿಯಿಂದ ಕಣ್ಣು ಕೀಳಲಿಲ್ಲ. ಕೈಯಲ್ಲಿದ್ದ ಬಟಾಣಿ ಕಾಯಿ ಹಾಗೇ ಇತ್ತು.

"ಯಾವ ಬಣ್ಣ?" ಎಂದು ಕೇಳಿದಳು.

ಭಾವನ ಬೆತ್ತಲೆ ತುಟಿ ನಡುಗಿತು. ಅದನ್ನು ಮುಚ್ಚಲು ಈಗ ಮೀಸೆ ಇರಲಿಲ್ಲ. ಆದರೂ ಬಣ್ಣ ಹೇಳಿದರು, ಛತ್ರಿಯ ಹಿಡಿ ಎಂಥದ್ದೆಂದು ಹೇಳಿದರು, ಅವನು ಅದನ್ನು ಮಳೆ ಬಿಸಿಲು ಇಲ್ಲದಾಗಲೂ ಹಿಡಿದು ಮೆರೆಯುವುದನ್ನು ಹೇಳಿದರು. ಅಕ್ಕ ಮಧ್ಯೆ ಬಾಯಿ ಹಾಕಿದಳು, ಇವರು ಅದಕ್ಕೆ ಎದುರಾಡಿದರು. ನಾನು ಹಾಲ್‌ಗೆ ಹೋಗಿ ಟಿವಿ ಆರಿಸಿ ಬಂದೆ.